‘ಎರಡೇ ಜೊತೆ ಉಳಿದಿವೆ’

ಫೋನಿನಲ್ಲಿ ಕೊಳ್ಳುವುದನ್ನು ನಿಲ್ಲಿಸಲಾಗದೆ ಈ ವರ್ಷ ಆಪ್ತಸಲಹೆಗೆಂದು ನನ್ನ ಬಳಿ ಬಂದವರಲ್ಲಿ ಇವನು ನಾಲ್ಕನೆಯವನು. ಅದಕ್ಕೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ. ಮುಂಬಯಿ ಪಕ್ಕದ ಡೊಂಬಿವಲಿಯ ಹುಡುಗ, 24 ವರ್ಷ, ಐರೋಲಿಯಲ್ಲಿ ಕಾಲ್‌ಸೆಂಟರ್ ಕೆಲಸ. ತಂದೆ ಕುಂದಾಪುರದ ಕಡೆಯವರು, ಹೋಟೆಲಿನಲ್ಲಿ ದುಡಿದವರು. ಮಂಚದಡಿ 11 ಜೊತೆ ಸ್ನೀಕರ್ಸ್, ಮೂರನ್ನು ಡಬ್ಬಿಯಿಂದ ತೆಗೆದೇ ಇಲ್ಲ, ಕಂತು ಮಾತ್ರ ಓಡುತ್ತಿದೆ.

“ಆ ಫೋನ್ ಬಿಸಾಡ್ಲಿಕ್ಕೆ ಹೇಳಿ ಮಾರಾಯ್ರೆ” ಎಂದರು ತಾಯಿ.

ಮೊದಲೆರಡು ಭೇಟಿ 1985ರ ಏರ್ ಜೋರ್ಡನ್ ಶೂವಿನಿಂದ ಇಂದಿನವರೆಗಿನ ಸ್ನೀಕರ್ಸ್ ಪಾಠ ಕೇಳುವುದರಲ್ಲೇ ಕಳೆಯಿತು. ಶೂ ವಿಷಯದಲ್ಲಿ ನನ್ನ ಜ್ಞಾನ ಬಾಟಾ ಅಂಗಡಿಗೆ ಮುಗಿಯುತ್ತದೆ, ಹಾಗಾಗಿ ಬೇಸರವಾಗಲಿಲ್ಲ.

ಮೂರನೆಯ ಸಲ ಮಾತಿನ ನಡುವೆ ಅವನ ಫೋನ್ ಗುಂಯ್‌ಗುಟ್ಟಿತು. ‘ನಿಮ್ಮ ಸೈಜಿನಲ್ಲಿ ಎರಡೇ ಜೊತೆ ಉಳಿದಿವೆ.’ ಅವನ ಕಾಲು ಕುಣಿಯತೊಡಗಿತು.

“ಅದನ್ನ ಬೇರೆ ಯಾರೋ ತಗೊಂಡುಬಿಟ್ರೆ?” ಎಂದೆ.

ತುಂಬ ಹೊತ್ತು ಸುಮ್ಮನಿದ್ದ. “ತಗೊಂಡ್ರೆ ರಾತ್ರಿ ನಿದ್ದೆಯಾದ್ರೂ ಬರ್ತದೆ ಮೇಡಂ.”

ಆ ಮಾತು ಕೇಳಿದ ಮೇಲೆ ನಾನು ದುಂದುಗಾರಿಕೆಯ ಸುದ್ದಿಯನ್ನೇ ಎತ್ತಲಿಲ್ಲ. ಅವನು ಹಣ ಕೊಡುತ್ತಿದ್ದುದು ಶೂಗಲ್ಲ, ಆ ಗಡಿಬಿಡಿಯಿಂದ ಬಿಡುಗಡೆಗೆ. ಒಮ್ಮೆ ಆ್ಯಪ್‌ನಲ್ಲಿ ನೋಡಿದ ಶೂ ಇನ್‌ಸ್ಟಾಗ್ರಾಮ್ ತೆರೆದರೆ ಅಲ್ಲೂ ಹಾಜರು. ಲೋಕಲ್ ಟ್ರೇನಿನ ಒಂದು ಗಂಟೆ ಪೂರ್ತಿ ಅದೇ.

ಕೊಟ್ಟ ಸಲಹೆ ಚಿಕ್ಕದು. ಆ ಜೊತೆಯನ್ನು ಕಾರ್ಟಿನಲ್ಲೇ ಬಿಡು, ಒಂದು ವಾರ ಕೊಳ್ಳಬೇಡ, ದಿನಾ ಸ್ಕ್ರೀನ್‌ಶಾಟ್ ತೆಗೆ. ಏಳೂ ದಿನ ‘ಎರಡೇ ಜೊತೆ’ ಉಳಿದಿದ್ದವು! ಮೊದಲು ನಕ್ಕ, ಆಮೇಲೆ ಸಿಟ್ಟು ಬಂತು. ಇಂಥ ಸುಳ್ಳು ಅವಸರವನ್ನು ನಿಷೇಧಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ, ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ ಎಂದೆ. ಅವನು ನಂಬುತ್ತಿದ್ದ ರೀಲ್ಸ್ ಹುಡುಗನ ವಿಡಿಯೋಗಳನ್ನೂ ಒಟ್ಟಿಗೆ ನೋಡಿದೆವು. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ‘ಪೇಯ್ಡ್ ಪಾರ್ಟ್‌ನರ್‌ಶಿಪ್’ ಎಂದಿತ್ತು, ಅಂದರೆ ದುಡ್ಡು ಪಡೆದು ಮಾಡಿದ ಪ್ರಚಾರ. ಒಂದೂವರೆ ವರ್ಷ ಅವನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಆ್ಯಪ್‌ನಿಂದ ಕಾರ್ಡಿನ ವಿವರ ಅಳಿಸಿದ. ಇನ್ನು ಕೊಳ್ಳಬೇಕೆಂದರೆ ಪ್ರತಿ ಸಲ ಹದಿನಾರು ಅಂಕಿ ಒತ್ತಬೇಕು.

ಬೈಯಲಿಲ್ಲವೆಂದು ತಾಯಿಗೆ ನನ್ನ ಮೇಲೆ ಅಸಮಾಧಾನ. ಫೋನ್ ಕಿತ್ತುಕೊಂಡು ಬುದ್ಧಿ ಕಲಿಸಿದವರನ್ನು ನಾನು ಕಂಡಿಲ್ಲ. ಆಫೀಸಿನಲ್ಲಿ ಗೆಳೆಯನ ಫೋನಿದ್ದೇ ಇರುತ್ತದೆ. ಜೊತೆಗೆ ಇದನ್ನೂ ಹೇಳಬೇಕು: ಇಡೀ ದಿನ ಹೆಡ್‌ಫೋನಿನಲ್ಲಿ ಬೈಗುಳ ಕೇಳುವ ಹುಡುಗನಿಗೆ ಒಂದು ಚಂದದ ಶೂ ಬೇಕೆನ್ನಿಸಿದರೆ ನನಗದು ರೋಗವಾಗಿ ಕಾಣುವುದಿಲ್ಲ. ತಾಯಿಗೆ ಈ ಮಾತು ಹಿಡಿಸಲಿಲ್ಲ.

ಡಬ್ಬಿ ಒಡೆಯದ ಮೂರರಲ್ಲಿ ಎರಡನ್ನು ಮಾರಿ ಒಂದು ಕಂತು ತೀರಿಸಿದ್ದಾನೆ. ಜುಲೈಯಲ್ಲಿ ಕೊನೆಯ ಸಲ ಬಂದಾಗ ಹೊರಗೆ ಧೋ ಮಳೆ, ಕಾಲಲ್ಲಿ ರಬ್ಬರ್ ಚಪ್ಪಲಿ. ಬಿಳಿ ಶೂ ಎಲ್ಲಿ ಎಂದು ಕೇಳಿದೆ. “ಮಂಚದಡಿ ಉಂಟು ಮೇಡಂ. ಒಂದಕ್ಕೆ ಬೂಷ್ಟು ಹಿಡಿದಿದೆ.”