ಕೈತೋಟ ಪ್ರಶ್ನೋತ್ತರ: ಮೊದಲು ಬೆರಳಿಟ್ಟು ನೋಡಿ, ಆಮೇಲೆ ನೀರು ಹಾಕಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೂರು. ಎಲೆ ಹಳದಿ ಆಗಿದೆ, ಏನು ಹಾಕಬೇಕು? ಸದ್ಯಕ್ಕೆ ಏನೂ ಹಾಕಬೇಡಿ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಒಳಗೆ ತಂಪಾಗಿದ್ದು ಬೆರಳಿಗೆ ಮಣ್ಣು ಅಂಟಿದರೆ ಅವತ್ತು ನೀರು ಬೇಡ. ಕುಂಡದ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಬೇರು ಕೊಳೆತು ಸಾಯುವುದನ್ನೇ ನಾನು ಹೆಚ್ಚು ನೋಡಿದ್ದೇನೆ.

ಪ್ರಶ್ನೆ: ಕುಂಡದಲ್ಲಿ ಕರಿಬೇವು ಹಾಕಿ ಎರಡು ವರ್ಷ ಆಯಿತು. ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿದೆ, ಎಲೆ ಹಳದಿ. ವಾರಕ್ಕೊಮ್ಮೆ ಹುಳಿ ಮಜ್ಜಿಗೆ ಹಾಕಿದರೂ ಚಿಗುರುತ್ತಿಲ್ಲ. (ದಾವಣಗೆರೆ)

ಉತ್ತರ: ನೀವು ಎಲೆ ಕೀಳುವುದು ಹೇಗೆ? ಒಗ್ಗರಣೆಗೆ ಬೇಕಾದಾಗ ಕೆಳಗಿನಿಂದ ಒಂದೊಂದೇ ಎಸಳು ಕಿತ್ತುಕೊಂಡು ತುದಿಯನ್ನು ಹಾಗೇ ಬಿಡುತ್ತೀರಿ ಅಲ್ವಾ? ಹಾಗೆ ಮಾಡಿದರೆ ಗಿಡ ಕೋಲಿನ ಹಾಗೆ ಉಳಿಯುತ್ತದೆ. ಬೇಕಾದಾಗ ತುದಿಯನ್ನೇ ಕಾಂಡದ ಸಮೇತ, ಒಂದು ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಬಿಸಿಲು ಚೆನ್ನಾಗಿದ್ದರೆ ಕೆಲವು ವಾರಗಳಲ್ಲಿ ಕತ್ತರಿಸಿದ ಜಾಗದ ಕೆಳಗೆ ಎರಡು ಮೂರು ಚಿಗುರು ಒಡೆಯುತ್ತವೆ. ಹೂ ಬಂದರೆ ಹಣ್ಣಾಗಲು ಬಿಡದೆ ಚಿವುಟಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕರಿಬೇವು ಸುಮ್ಮನೆ ನಿಲ್ಲುತ್ತದೆ, ಆಗ ಗಾಬರಿಯಾಗಿ ಗೊಬ್ಬರ ಸುರಿಯಬೇಡಿ.

ಇನ್ನು ಹಳದಿ. ಹಳೆಯ ಎಲೆ ಹಳದಿ ಆಗಿದೆಯೋ, ಹೊಸ ಎಲೆಯೋ ನೋಡಿ. ಕೆಳಗಿನ ಹಳೆಯ ಎಲೆಗಳಾದರೆ ಒಂದೋ ಗಿಡಕ್ಕೆ ಗೊಬ್ಬರ ಸಾಲದು, ಇಲ್ಲವೇ ನೀರು ಜಾಸ್ತಿ. ಹೊಸ ಚಿಗುರಿನಲ್ಲಿ ನರ ಹಸಿರಾಗಿದ್ದು ನಡುವಿನ ಜಾಗ ಮಾತ್ರ ಹಳದಿಯಾಗಿದ್ದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಬೋರ್‌ವೆಲ್‌ನ ಗಡಸು ನೀರು ವರ್ಷಗಟ್ಟಲೆ ಹಾಕಿದ ಕುಂಡಗಳಲ್ಲಿ ಇದು ಮಾಮೂಲು. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮಜ್ಜಿಗೆಯ ಹುಳಿ ಇಲ್ಲಿ ಸ್ವಲ್ಪ ನೆರವಾಗಬಹುದು, ಆದರೆ ಅದು ಗೊಬ್ಬರಕ್ಕೆ ಬದಲಿ ಅಲ್ಲ. ಹಾಕುವುದಾದರೆ ಉಪ್ಪು ಹಾಕದ ಮಜ್ಜಿಗೆ, ಒಂದು ಲೋಟಕ್ಕೆ ಐದು ಲೋಟ ನೀರು ಬೆರೆಸಿ, ತಿಂಗಳಿಗೊಮ್ಮೆ ಸಾಕು. ಮಳೆ ನೀರು ಹಿಡಿದಿಟ್ಟು ಹಾಕಲು ಆದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಇಷ್ಟಾದರೂ ಸುಧಾರಿಸದಿದ್ದರೆ ಒಂದು ಸಂಜೆ ಗಿಡವನ್ನು ಕುಂಡದಿಂದ ಹೊರಗೆ ತೆಗೆದೇ ನೋಡಿ. ಇಂಥದ್ದೇ ಒಂದು ಕುಂಡವನ್ನು ನಾನು ಮಗುಚಿದಾಗ ಮೇಲಿನ ಮಣ್ಣು ಪುಡಿ ಪುಡಿಯಾಗಿ ಚೆನ್ನಾಗೇ ಇತ್ತು, ಅಡಿಯ ನಾಲ್ಕು ಬೆರಳಿನಷ್ಟು ಮಾತ್ರ ಕಪ್ಪಾಗಿ ಚರಂಡಿ ವಾಸನೆ ಹೊಡೆಯುತ್ತಿತ್ತು. ಕೆಳಗಿನ ತೂತಿಗೆ ಒಂದು ಕಲ್ಲು ಸಿಕ್ಕಿಕೊಂಡಿತ್ತು, ಅಷ್ಟೆ. ಬೇರನ್ನು ಹಿಡಿದು ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ದಾರ ಉಳಿಯುತ್ತಿತ್ತು. ಅಂಥ ಬೇರನ್ನೆಲ್ಲ ಕತ್ತರಿಸಿ, ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ ಬೆರೆಸಿ ನೆಟ್ಟು, ಒಂದು ವಾರ ನೆರಳಲ್ಲಿಟ್ಟು ಆಮೇಲೆ ಬಿಸಿಲಿಗೆ ತಂದೆ. ಗಿಡ ಉಳಿಯಿತು. ಕರಿಬೇವಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು.

ಹಾಂ, ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಸಿಕ್ಕರೆ ಔಷಧಿ ಹೊಡೆಯಬೇಡಿ. ಅದು ಚಿಟ್ಟೆಯ ಮರಿ, ದೊಡ್ಡದಾದಾಗ ಹಸಿರಾಗುತ್ತದೆ. ನಾವು ತಿನ್ನುವ ಎಲೆ ಅದು. ಕೈಯಿಂದ ಎತ್ತಿ ಹತ್ತಿರದ ನಿಂಬೆ ಗಿಡಕ್ಕೆ ಬಿಟ್ಟರೆ ಸಾಕು.

ಪ್ರಶ್ನೆ: ಹೀರೆ ಬಳ್ಳಿ ತಾರಸಿ ತುಂಬ ಹಬ್ಬಿದೆ. ರಾಶಿ ಹೂ ಬಿಡುತ್ತದೆ, ಎಲ್ಲ ಉದುರುತ್ತವೆ. ಅಲ್ಲೊಂದು ಇಲ್ಲೊಂದು ಹೀಚು ಕಂಡರೂ ಹಳದಿಯಾಗಿ ಬೀಳುತ್ತದೆ. (ಶಿವಮೊಗ್ಗ)

ಉತ್ತರ: ನಿಮ್ಮ ಬಳ್ಳಿಗೆ ರೋಗವೇನೂ ಇದ್ದಂತಿಲ್ಲ. ಮೊದಮೊದಲು ಬರುವುದೆಲ್ಲ ಗಂಡು ಹೂಗಳು, ಗೊಂಚಲಲ್ಲಿ ಬಂದು ಉದುರುತ್ತವೆ. ಅವು ಉದುರಲೇಬೇಕು. ಹೆಣ್ಣು ಹೂ ಒಂಟಿಯಾಗಿ ಬರುತ್ತದೆ, ಅದರ ಬುಡದಲ್ಲಿ ಕಿರುಬೆರಳಿನಂಥ ಪುಟ್ಟ ಕಾಯಿ ಮೊದಲೇ ಇರುತ್ತದೆ. ಪರಾಗ ಬೀಳದಿದ್ದರೆ ಆ ಕಾಯಿ ಹಳದಿಯಾಗಿ ಕಳಚಿಕೊಳ್ಳುತ್ತದೆ. ಪೇಟೆಯ ಮೂರನೇ ಮಹಡಿಗೆ ಜೇನು ಬರುವುದೇ ಕಡಿಮೆ, ಆದ್ದರಿಂದ ಆ ಕೆಲಸ ನೀವೇ ಮಾಡಬೇಕು.

ಎಷ್ಟೋ ಜನ ಬೆಳಗ್ಗೆ ಎದ್ದು ಪರಾಗ ಮುಟ್ಟಿಸಿ, ಆಗಲಿಲ್ಲ ಎಂದು ಬೇಸರ ಮಾಡಿಕೊಳ್ಳುತ್ತಾರೆ. ಹೀರೆ, ಸೋರೆ ಎರಡೂ ಅರಳುವುದು ಸಂಜೆ. ಹಾಗಲ, ಕುಂಬಳ ಬೆಳಗ್ಗೆ. ಸಂಜೆ ಐದೂವರೆ, ಆರರ ಹೊತ್ತಿಗೆ ತಾರಸಿಗೆ ಹೋಗಿ ಆಗಷ್ಟೇ ಅರಳಿದ ಗಂಡು ಹೂ ಒಂದನ್ನು ಕಿತ್ತು, ಹಳದಿ ಎಸಳನ್ನು ಹಿಂದಕ್ಕೆ ಮಡಚಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಬೆರಳಿಗೆ ಪುಡಿ ಹತ್ತುತ್ತಿದ್ದರೆ ಪರಾಗ ಸರಿಯಾಗಿದೆ ಎಂದರ್ಥ. ಮಳೆ ಬಂದು ತೊಯ್ದ ಹೂ ಬೇಡ. ನಾಲ್ಕೈದು ದಿನದಲ್ಲಿ ಕಾಯಿ ಹಸಿರು ಏರಿ ಉದ್ದವಾಗಲು ಶುರುವಾದರೆ ಗೆದ್ದಿರಿ!

ಕಾಯಿ ಸ್ವಲ್ಪ ಬೆಳೆದ ಮೇಲೆ ಸೊಟ್ಟಗಾಗಿ, ಒಂದು ಚುಕ್ಕೆಯಿಂದ ಅಂಟು ಸೋರುತ್ತಿದ್ದರೆ ಮಾತ್ರ ಅದು ಹಣ್ಣು ನೊಣ. ಎಳೆ ಕಾಯಿಗೆ ಕಾಗದದ ಚೀಲ ಕಟ್ಟಿ. ಬಿದ್ದ ಕಾಯಿಯನ್ನು ಅಲ್ಲೇ ಬಿಡಬೇಡಿ, ಅದರೊಳಗಿನ ಹುಳುಗಳೇ ಮುಂದಿನ ನೊಣಗಳು.

ಪ್ರಶ್ನೆ: ದಾಸವಾಳದ ಚಿಗುರಿಗೆ ಬಿಳಿ ಹತ್ತಿಯಂಥದ್ದು ಮೆತ್ತಿಕೊಂಡಿದೆ. ಬೇವಿನ ಎಣ್ಣೆ ಹೊಡೆದರೂ ಮತ್ತೆ ಬರುತ್ತದೆ. (ಮೈಸೂರು)

ಉತ್ತರ: ಇದು ಹಿಟ್ಟು ತಿಗಣೆ. ಮೈಮೇಲೆ ಮೇಣದ ಪುಡಿ ಇರುವುದರಿಂದ ಔಷಧಿ ಜಾರಿಹೋಗುತ್ತದೆ. ಮುದುರಿದ ಚಿಗುರನ್ನೆಲ್ಲ ಕತ್ತರಿಸಿ ಕವರಿನಲ್ಲಿ ಕಟ್ಟಿ ಬಿಸಾಡಿ, ಕಾಂಪೋಸ್ಟಿಗೆ ಬೇಡವೇ ಬೇಡ. ಉಳಿದದ್ದನ್ನು ಪೈಪಿನ ನೀರಲ್ಲಿ ಜೋರಾಗಿ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಹಾಲಿನಂತಾಗುವವರೆಗೆ ಕುಲುಕಿ, ಸಂಜೆ ಹೊತ್ತು ಎಲೆಯ ಅಡಿಗೂ ಹೊಡೆಯಿರಿ. ವಾರಕ್ಕೊಮ್ಮೆ, ಮೂರು ವಾರ. ಮತ್ತೆ ಮತ್ತೆ ಬರುವುದಕ್ಕೆ ಇರುವೆಗಳೂ ಕಾರಣ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಅವು ಅದನ್ನು ಕಾಯುತ್ತವೆ. ಬುಡದ ಹತ್ತಿರ ಕಾಂಡಕ್ಕೆ ಟೇಪ್ ಸುತ್ತಿ ಅದರ ಮೇಲೆ ವ್ಯಾಸಲೀನ್ ಹಚ್ಚಿ. ಕೊಂಬೆ ಗೋಡೆಗೆ ತಾಗದಂತೆ ನೋಡಿಕೊಳ್ಳಿ.

ಪ್ರಶ್ನೆ: ತಾರಸಿಯಲ್ಲಿ 15 ಇಂಚಿನ 40 ಗ್ರೋ ಬ್ಯಾಗ್ ಇಡಬೇಕೆಂದಿದ್ದೇನೆ. ತೊಂದರೆ ಇಲ್ಲ ತಾನೆ? (ಬೆಂಗಳೂರು)

ಉತ್ತರ: ಇದೆ. ಬರೀ ಮಣ್ಣು ತುಂಬಿ ನೀರು ಹಾಕಿದರೆ ಅಂಥ ಒಂದು ಚೀಲ 50 ಕಿಲೋ ದಾಟುತ್ತದೆ. ನಲವತ್ತಕ್ಕೆ ಎರಡು ಟನ್‌ಗೂ ಜಾಸ್ತಿ. ಮನೆ ಕಟ್ಟಿದ ಎಂಜಿನಿಯರನ್ನು ಕೇಳದೆ ಇಡಬೇಡಿ. ಅವರು ಒಪ್ಪಿದರೂ ಎಲ್ಲವನ್ನೂ ನಡುವೆ ಗುಂಪಾಗಿ ಇಡದೆ ಗೋಡೆ, ಬೀಮ್ ಇರುವ ಕಡೆ ಸಾಲಾಗಿಡಿ, ಇಟ್ಟಿಗೆ ಕೊಟ್ಟು ಎತ್ತರಿಸಿ. ಸೊಪ್ಪಿಗೆ ಅಷ್ಟು ಆಳ ಬೇಕಾಗಿಲ್ಲ, ಆರೇಳು ಇಂಚಿನ ಟ್ರೇ ಸಾಕು.

ಪ್ರಶ್ನೆ: ಕಟ್ಟೆಯ ತುಳಸಿ ದಿನಾ ನೀರು ಹಾಕಿದರೂ ಒಣಗಿಹೋಯಿತು. ಅತ್ತೆಯವರಿಗೆ ಮನಸ್ಸಿಗೆ ಬಹಳ ಕಸಿವಿಸಿ. ಎಲ್ಲಿ ತಪ್ಪಾಯಿತು? (ಧಾರವಾಡ)

ಉತ್ತರ: ದಯವಿಟ್ಟು ಅವರಿಗೆ ಹೇಳಿ, ಇದು ಅಪಶಕುನ ಅಲ್ಲ. ತುಳಸಿಯ ಆಯಸ್ಸೇ ಚಿಕ್ಕದು, ಕುಂಡದಲ್ಲಿ ಎರಡು ಮೂರು ವರ್ಷ ಬಾಳಿದರೆ ಅದು ಚೆನ್ನಾಗಿ ಬಾಳಿದ ಗಿಡ. ದಿನಾ ಚೊಂಬು ನೀರು, ಮಳೆಗಾಲದಲ್ಲೂ ಅಷ್ಟೇ ನೀರು, ಜೊತೆಗೆ ಹಾಲು, ಬುಡಕ್ಕೆ ಅರಿಶಿನ ಕುಂಕುಮ ಬಿದ್ದರೆ ಆ ಆಯಸ್ಸೂ ಕಡಿಮೆಯಾಗುತ್ತದೆ. ಪೂಜೆ ಬಿಡಬೇಕಾಗಿಲ್ಲ. ಮಣ್ಣು ಹಸಿ ಇದ್ದ ದಿನ ಉದ್ಧರಣೆಯಲ್ಲಿ ಒಂದೆರಡು ಸಲ ನೀರು ಬಿಡಿ, ಕುಂಕುಮವನ್ನು ಕಟ್ಟೆಗೆ ಹಚ್ಚಿ.

ಕದಿರು ಬಂದ ಹಾಗೆ ಚಿವುಟುತ್ತಿದ್ದರೆ ಗಿಡ ಪೊದೆಯಾಗುತ್ತದೆ. ತುಳಸಿ ಹಬ್ಬ ಮುಗಿದ ಮೇಲೆ ಮಾತ್ರ ಒಂದೆರಡು ಕದಿರನ್ನು ಗಿಡದಲ್ಲೇ ಒಣಗಲು ಬಿಡಿ. ಅಂಗೈಯಲ್ಲಿ ಉಜ್ಜಿ ಹೊಟ್ಟು ಊದಿದರೆ ಸಾಸಿವೆಗಿಂತ ಸಣ್ಣ ಬೀಜ ಉಳಿಯುತ್ತದೆ. ಚಳಿ ಕಳೆದ ಮೇಲೆ ಮಣ್ಣಿನ ಮೇಲೆ ಚೆಲ್ಲಿ, ಮುಚ್ಚುವ ಬದಲು ಬೆರಳಿಂದ ಸ್ವಲ್ಪ ಒತ್ತಿ, ನೀರು ಚಿಮುಕಿಸುತ್ತಿರಿ. ಎರಡು ವಾರದೊಳಗೆ ಮೊಳಕೆ ಕಾಣುತ್ತದೆ. ನಾಲ್ಕೈದು ಎಲೆ ಬಂದ ಮೇಲೆ ಒಂದನ್ನು ಅತ್ತೆಯವರ ಕೈಯಿಂದಲೇ ಕಟ್ಟೆಯಲ್ಲಿ ನೆಡಿಸಿ, ಉಳಿದದ್ದನ್ನು ಅಕ್ಕಪಕ್ಕದವರಿಗೆ ಕೊಡಿ.