ಹೆಂಚಿನ ಮೇಲಿನ 1865: ಅಂಚೆ ಕಚೇರಿಯ ವಯಸ್ಸು ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮೂರಿನ ಅಂಚೆ ಕಚೇರಿ ಹಳೆಯ ಹೆಂಚಿನ ಕಟ್ಟಡದಲ್ಲಿದೆ. ಒಂದು ಹೆಂಚಿನ ಮೇಲೆ ‘ಬಾಸೆಲ್ ಮಿಷನ್ 1865’ ಎಂದಿದೆ. ಮಹಾರಾಜರ ಕಾಲದ ಅಂಚೆಯೂ ಇಲ್ಲೇ ಇತ್ತು ಎನ್ನುತ್ತಾರೆ ಹಿರಿಯರು. ನಂಬಬಹುದೇ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: 1865 ನಿಮ್ಮ ಕಟ್ಟಡದ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಆ ಅಂಕಿ ಅಚ್ಚಿನಲ್ಲಿ ದಶಕಗಟ್ಟಲೆ ಹಾಗೇ ಉಳಿಯಿತು. ಇನ್ನೊಂದು ಕಂಪನಿಯಾದ ಆಲ್ಬುಕರ್ಕ್‌ನ ಹೆಂಚಿನ ಮೇಲಿನ 1868 ಕೂಡ ಹೀಗೆಯೇ. ಅಂಕಿಗಿಂತ ಹೆಸರು ಹೆಚ್ಚು ಹೇಳುತ್ತದೆ: ಮೊದಲ ಮಹಾಯುದ್ಧದಿಂದಾಗಿ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು, ಆ ಹೆಸರಿದ್ದರೆ ಹೆಂಚು ಯುದ್ಧದ ನಂತರದ್ದು. ಒಂದೇ ಹೆಂಚು ನೋಡಿ ತೀರ್ಮಾನಿಸಬೇಡಿ. ಮಳೆಗಾಲಕ್ಕೆ ಮುಂಚೆ ಕೈಯಾಡಿಸುವಾಗ ಒಡೆದ ಹೆಂಚಿನ ಜಾಗಕ್ಕೆ ಬೇರೆ ಮನೆಯದು ಬಂದು ಸೇರಿರುತ್ತದೆ. ಮಾಡಿನ ಎರಡೂ ಕಡೆ, ಅಂಚಿನಿಂದ ದೂರದ ಹೆಂಚುಗಳನ್ನು ಮಗುಚಿ ನೋಡಿ, ಯಾವ ಗುರುತು ಹೆಚ್ಚಿದೆಯೋ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಅದೂ ಮಾಡಿನ ವಯಸ್ಸು ಮಾತ್ರ. ಗೋಡೆ ಇನ್ನೂ ಹಳೆಯದಿರಬಹುದು.

ಹಿರಿಯರ ಮಾತನ್ನು ತಳ್ಳಿಹಾಕುವಂತಿಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಯಿತು. ಆದರೆ ಕಚೇರಿಯ ವಯಸ್ಸು ಬೇರೆ, ಕಟ್ಟಡದ ವಯಸ್ಸು ಬೇರೆ. ಊರಿನ ಮನೆಗಳ ಹಳೆಯ ಅಂಚೆ ಕಾರ್ಡುಗಳ ಮೇಲೆ ಊರ ಹೆಸರಿನ ಮುದ್ರೆ ಹುಡುಕಿ. ಅತಿ ಹಳೆಯ ತಾರೀಖಿನ ಹೊತ್ತಿಗೆ ಕಚೇರಿ ಇತ್ತೆಂಬುದು ಖಚಿತ, ಯಾವ ಕಟ್ಟಡದಲ್ಲಿ ಎಂಬುದು ಮುದ್ರೆಯಲ್ಲಿರದು.

ಅದಕ್ಕೆ ಕಡತವೇ ಬೇಕು. ನಿಮ್ಮ ವಿಭಾಗದ ಅಂಚೆ ಅಧೀಕ್ಷಕರ ಕಚೇರಿಯ ಮಾಹಿತಿ ಅಧಿಕಾರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಡಿ ಅರ್ಜಿ ಕೊಡಿ; 30 ದಿನದೊಳಗೆ ಉತ್ತರ ಬರಬೇಕು. ‘ಇತಿಹಾಸ ತಿಳಿಸಿ’ ಎಂದು ಬರೆದರೆ ‘ಮಾಹಿತಿ ಲಭ್ಯವಿಲ್ಲ’ ಎಂಬ ಒಂದು ಸಾಲು ಬರುವ ಸಂಭವವೇ ಹೆಚ್ಚು. ಕಟ್ಟಡ ಇಲಾಖೆಯದೋ ಬಾಡಿಗೆಯದೋ, ಮೊದಲ ಕರಾರಿನ ತಾರೀಖು ಯಾವುದು, ಅದರ ಪ್ರತಿ ಕೊಡಿ ಎಂದು ಬಿಡಿಬಿಡಿಯಾಗಿ ಕೇಳಿ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಕಡತವನ್ನು ನೀವೇ ನೋಡಲೂ ಕೇಳಬಹುದು, ಮೊದಲ ಗಂಟೆಗೆ ಶುಲ್ಕವಿಲ್ಲ.

ಬಾಡಿಗೆ ಕಟ್ಟಡವಾದರೆ ಮಾಲೀಕರ ಮನೆಯ ಕ್ರಯಪತ್ರದ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಯ ವಿವರ) ಓದಿ. ಪಕ್ಕದ ಮನೆಯವರ ಹಳೆಯ ಪತ್ರಗಳನ್ನೂ ಬಿಡಬೇಡಿ: ‘ಪೂರ್ವಕ್ಕೆ ಅಂಚೆ ಕಚೇರಿ’ ಎಂದು ಅಲ್ಲಿ ಬರೆದಿದ್ದರೆ, ಆ ಪತ್ರದ ತಾರೀಖಿಗೆ ಕಚೇರಿ ಅದೇ ನಿವೇಶನದಲ್ಲಿತ್ತು ಎಂಬುದಕ್ಕೆ ಹೆಂಚಿಗಿಂತ ಗಟ್ಟಿ ಸಾಕ್ಷಿ.