ಹೈಬ್ರಿಡ್ಡೋ ಎಲೆಕ್ಟ್ರಿಕ್ಕೋ? ಮೊದ್ಲು ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತೆ ಹೇಳಿ

ಪ್ರಶ್ನೆ: ನಮ್ದು ಮಂಡ್ಯ, ಸ್ವಂತ ಮನೆ, ಗೇಟಿನೊಳಗೆ ಕಾರು ನಿಲ್ಸೋಕೆ ಜಾಗ ಇದೆ. ಗಂಡ ಹೆಂಡ್ತಿ ಇಬ್ರೂ ದಿನಾ ಮೈಸೂರಿಗೆ ಕೆಲಸಕ್ಕೆ ಹೋಗಿ ಬರ್ತೀವಿ, ವರ್ಷಕ್ಕೆ ಎರಡು ಮೂರು ಸಲ ಧರ್ಮಸ್ಥಳ, ಮಂಗಳೂರು ಕಡೆ ಹೋಗೋದಿರುತ್ತೆ. ನಂಗೆ ಟೊಯೋಟಾ ಹೈರೈಡರ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟರೂ ಇರೋದು) ಇಷ್ಟ, ನನ್ನ ಹೆಂಡ್ತಿ ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್ಕೇ ಬೇಕು ಅಂತಾಳೆ. ಮನೇಲಿ ಗೃಹಜ್ಯೋತಿ ಬೇರೆ ಇದೆ, ಅದು ಹೋಗ್ಬಿಡುತ್ತಾ ಅನ್ನೋ ಯೋಚನೆ. ಯಾವ್ದು ತಗೊಳ್ಳೋಣ?

ಉತ್ತರ: ನಿಮ್ಮ ಮನೆಯವರು ಹೇಳ್ತಿರೋದೇ ಸರಿ ಸಾರ್, ಎಲೆಕ್ಟ್ರಿಕ್ ತಗೊಳ್ಳಿ. ಯಾಕೆ ಅಂದ್ರೆ ನಿಮ್ಮ ಗಾಡಿ ರಾತ್ರಿ ನಿಮ್ಮ ಮನೆ ಗೇಟಿನೊಳಗೆ, ನಿಮ್ಮದೇ ಪ್ಲಗ್ ಪಕ್ಕದಲ್ಲಿ ನಿಲ್ಲುತ್ತೆ, ಅರ್ಧ ತೀರ್ಮಾನ ಅಲ್ಲೇ ಆಗೋಯ್ತು.

ಲೆಕ್ಕ ನೋಡಿ. ಮಂಡ್ಯ ಮೈಸೂರು ಹೋಗಿ ಬರೋಕೆ ದಿನಕ್ಕೆ ಸುಮಾರು 90 ಕಿಲೋಮೀಟರ್, ತಿಂಗಳಿಗೆ 2,200 ಅಂತ ಇಟ್ಕೊಳ್ಳಿ. ಹೈರೈಡರ್ ಹೈಬ್ರಿಡ್‌ಗೆ ಕಂಪನಿ ಲೆಕ್ಕದಲ್ಲಿ ಲೀಟರ್‌ಗೆ 27.97 ಕಿಲೋಮೀಟರ್, ಆದ್ರೆ ಎಕ್ಸ್‌ಪ್ರೆಸ್‌ವೇನಲ್ಲಿ 100ರ ಹತ್ರ ಓಡಿಸೋವಾಗ ಅಷ್ಟು ನಿರೀಕ್ಷೆ ಮಾಡ್ಬೇಡಿ, 20 ಅಂತ ಹಿಡಿದ್ರೆ ಮೋಸ ಇಲ್ಲ. ಅಲ್ಲಿಗೆ 110 ಲೀಟರ್, ಲೀಟರ್‌ಗೆ 100 ರೂಪಾಯಿ ಅಂತ ಹಿಡಿದ್ರೂ ತಿಂಗಳಿಗೆ 11,000. ಅದೇ ಎಲೆಕ್ಟ್ರಿಕ್ ಗಾಡಿ, ಚಾರ್ಜಿಂಗ್‌ನಲ್ಲಿ ಸೋರಿ ಹೋಗೋದನ್ನೂ ಸೇರಿಸಿ ಯೂನಿಟ್‌ಗೆ ಆರೂವರೆ ಕಿಲೋಮೀಟರ್ ಕೊಟ್ರೆ ಸುಮಾರು 340 ಯೂನಿಟ್, ಯೂನಿಟ್‌ಗೆ 6 ರೂಪಾಯಿ ಹಾಕಿದ್ರೂ 2,000 ಚಿಲ್ಲರೆ. ತಿಂಗಳಿಗೆ 9,000 ಉಳೀತು ಅಂದ್ರೆ ವರ್ಷಕ್ಕೆ ಲಕ್ಷದ ಮೇಲೆ, ಗಾಡಿ ಬೆಲೇಲಿ ಎರಡು ಮೂರು ಲಕ್ಷ ಜಾಸ್ತಿ ಆದ್ರೂ ಮೂರು ವರ್ಷದೊಳಗೆ ವಸೂಲಾಗುತ್ತೆ. ಎಲೆಕ್ಟ್ರಿಕ್‌ಗೆ ಜಿಎಸ್‌ಟಿ ಬರೀ 5 ಪರ್ಸೆಂಟ್, ಈ ಸೈಜಿನ ಹೈಬ್ರಿಡ್‌ಗೆ 2025ರ ಸೆಪ್ಟೆಂಬರ್‌ನಿಂದ 40, ಇಷ್ಟಾದ್ರೂ ಎಲೆಕ್ಟ್ರಿಕ್ಕೇ ದುಬಾರಿ ಬೀಳೋದು ಬ್ಯಾಟರಿಯಿಂದ. ರಾಜ್ಯದ ರೋಡ್ ಟ್ಯಾಕ್ಸ್ ನಿಯಮ ಆಗಾಗ ಬದಲಾಗುತ್ತೆ, ಅದಕ್ಕೆ ಶೋರೂಮ್‌ನಲ್ಲಿ ಎರಡೂ ಗಾಡಿದು ಆನ್‌ರೋಡ್ ಬೆಲೆ ಪೇಪರ್ ಮೇಲೆ ಬರೆಸ್ಕೊಂಡೇ ಹೋಲಿಸಿ ನೋಡಿ.

ಇನ್ನು ಗೃಹಜ್ಯೋತಿ. ಇದನ್ನ ಯಾವ ಶೋರೂಮ್‌ನವ್ರೂ ತಾವಾಗೇ ಹೇಳಲ್ಲ, ಹೇಳ್ಬೇಕಿತ್ತು. ತಿಂಗಳ ಬಳಕೆ 200 ಯೂನಿಟ್ ದಾಟಿದ್ರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ನೀವೇ ಕಟ್ಟಬೇಕು, ನಿಮ್ಮ ಕಾರೊಂದೇ 340 ಯೂನಿಟ್ ತಿನ್ನುತ್ತೆ. ಅದಕ್ಕೆ ಗಾಡಿ ಬುಕ್ ಮಾಡೋಕೆ ಮುಂಚೆ ಕರೆಂಟು ಕಂಪನಿ ಸೆಸ್ಕ್‌ನ ಸಬ್‌ಡಿವಿಷನ್ ಆಫೀಸಿಗೆ ಹೋಗಿ ಚಾರ್ಜಿಂಗ್‌ಗೆ ಅಂತ ಬೇರೆ ಮೀಟರ್ ಕೇಳಿ, ವಾಹನ ಚಾರ್ಜಿಂಗ್‌ಗೆ ಕರೆಂಟು ದರ ನಿಗದಿ ಮಾಡೋ ಕೆಇಆರ್‌ಸಿ ಬೇರೆ ದರಾನೇ ಇಟ್ಟಿದೆ. ಅಕಸ್ಮಾತ್ ಬೇರೆ ಮೀಟರ್ ಆಗ್ಲೇ ಇಲ್ಲ, ಗೃಹಜ್ಯೋತಿ ಹೋಯ್ತು ಅಂತಾನೇ ಇಟ್ಕೊಳ್ಳಿ, ಮನೆಗೆ 120 ಯೂನಿಟ್ ಆಗ್ತಿದ್ರೆ ಹೆಚ್ಚು ಕಮ್ಮಿ 700 ರೂಪಾಯಿ ಕೈಯಿಂದ ಹೋಗುತ್ತೆ, ಆ 9,000ದ ಮುಂದೆ ಅದು ದೊಡ್ಡದಲ್ಲ.

ಗೋಡೆಗೆ ಹಾಕಿಸೋ ವಾಲ್‌ಬಾಕ್ಸ್ ಚಾರ್ಜರ್‌ಗೆ ಅವಸರ ಬೇಡ. ನಿಮಗೆ ದಿನಕ್ಕೆ ಬೇಕಾಗಿರೋದು 14 ಯೂನಿಟ್, ಎಸಿ ಹಾಕ್ತೀವಲ್ಲ ಆ 15 ಆಂಪ್ಸ್ ಸಾಕೆಟ್‌ನಲ್ಲೇ ಐದಾರು ಗಂಟೆಗೆ ತುಂಬುತ್ತೆ, ರಾತ್ರಿ ಊಟ ಮಾಡಿ ಹಾಕಿದ್ರೆ ಬೆಳಿಗ್ಗೆ ರೆಡಿ. ಆದ್ರೆ ಮೀಟರ್ ಬೋರ್ಡಿಂದ ಬೇರೆ ವೈರ್ ಎಳೆಸಿ, ಅದಕ್ಕೆ ತಾಮ್ರದ ದಪ್ಪ ವೈರೇ ಆಗ್ಬೇಕು, ಅರ್ತಿಂಗ್ ಪಿಟ್ ಒಣಗಿ ಹೋಗಿದ್ರೆ ಹೊಸದು ಮಾಡಿಸಿ, ಮಂಜೂರಾದ ಲೋಡ್ ಒಂದೆರಡು ಕಿಲೋವ್ಯಾಟ್ ಅಷ್ಟೇ ಇದ್ರೆ ಜಾಸ್ತಿ ಮಾಡಿಸ್ಕೊಳ್ಳಿ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಬೇಡವೇ ಬೇಡ, ಗಂಟೆಗಟ್ಲೆ ಅಷ್ಟು ಕರೆಂಟು ಎಳೆದ್ರೆ ಅದು ಕಾದು ಕರಗುತ್ತೆ, ಮನೇಲಿ ಮಕ್ಕಳು ಮಲಗಿರ್ತಾರೆ.

ಕ್ರೆಟಾ ಎಲೆಕ್ಟ್ರಿಕ್‌ನಲ್ಲಿ 42 ಮತ್ತೆ 51.4 ಯೂನಿಟ್ ಅಂತ ಎರಡು ಬ್ಯಾಟರಿ ಇದೆ, 2025ರಲ್ಲಿ ಬಿಡುಗಡೆ ಆದಾಗ ಕಂಪನಿ ಹೇಳಿದ್ದು 390 ಮತ್ತೆ 473 ಕಿಲೋಮೀಟರ್, ಹೈವೇನಲ್ಲಿ ಅದರ ಮೂರನೇ ಎರಡು ಭಾಗ ಅಂತ ನಂಬಿ ಪ್ಲಾನ್ ಮಾಡಿ. ದಿನದ ಓಡಾಟಕ್ಕೆ ಚಿಕ್ಕದೇ ಧಾರಾಳ. ಧರ್ಮಸ್ಥಳಕ್ಕೆ ಹೋಗೋವಾಗ ಹಾಸನದಲ್ಲಿ ತಿಂಡಿಗೋ ಊಟಕ್ಕೋ ನಿಲ್ಲಿಸಿದಾಗ ಫಾಸ್ಟ್ ಚಾರ್ಜ್ ಮಾಡಿ, ಘಾಟಿ ಇಳಿಯೋವಾಗ ಬ್ಯಾಟರಿ ಸ್ವಲ್ಪ ವಾಪಸ್ ತುಂಬುತ್ತೆ ಆದ್ರೆ ಬರೋವಾಗ ಹತ್ತೋಕೆ ಅದಕ್ಕಿಂತ ಜಾಸ್ತಿ ಬೇಕು, ಹಾಗಾಗಿ ಕೆಳಗಿಂದ ಹೊರಡೋಕೆ ಮುಂಚೆ ತುಂಬಿಸ್ಕೊಂಡು ಹೊರಡಿ. ಒಂದೇ ಸ್ಟೇಷನ್ ನಂಬ್ಕೊಂಡು ಹೋಗ್ಬೇಡಿ, ಕೆಟ್ಟಿರಬಹುದು, ಕ್ಯೂ ಇರಬಹುದು, ಮುಂದಿನದಕ್ಕೆ ಹೋಗೋವಷ್ಟು ಚಾರ್ಜ್ ಯಾವಾಗ್ಲೂ ಉಳಿಸ್ಕೊಂಡಿರಿ.

ಪ್ರಶ್ನೆ: ಮೈಸೂರು ಕುವೆಂಪುನಗರದಲ್ಲಿ ಬಾಡಿಗೆ ಮನೆ, ಮೊದಲನೇ ಮಹಡಿ, ಕಾರು ರಸ್ತೇಲೇ ನಿಲ್ಸೋದು. ತಿಂಗಳಿಗೆ ಹೆಚ್ಚಂದ್ರೆ 500 ಕಿಲೋಮೀಟರ್, ಎಲ್ಲಾ ಊರೊಳಗೇ. ಎಲೆಕ್ಟ್ರಿಕ್ ಬೇಕು ಅಂತ ಆಸೆ, ಇಲ್ಲಾಂದ್ರೆ ಗ್ರ್ಯಾಂಡ್ ವಿಟಾರಾ ಹೈಬ್ರಿಡ್.

ಉತ್ತರ: ಮೇಲಿಂದ ಫುಟ್‌ಪಾತ್ ದಾಟಿಸಿ ವೈರ್ ಇಳಿಬಿಡೋ ಯೋಚನೆ ಇದ್ರೆ ದಯವಿಟ್ಟು ಬಿಟ್ಬಿಡಿ, ಮಳೇಲಿ ದಾರೀಲಿ ಹೋಗೋರ ಜೀವಕ್ಕೆ ಅಪಾಯ. ಬರೀ ಪಬ್ಲಿಕ್ ಫಾಸ್ಟ್ ಚಾರ್ಜರ್ ಮೇಲೆ ಇರ್ತೀನಿ ಅಂದ್ರೆ ಯೂನಿಟ್‌ಗೆ ಮನೆ ದರದ ಮೂರು ನಾಲ್ಕು ಪಟ್ಟು ಬೀಳುತ್ತೆ, ಎಲೆಕ್ಟ್ರಿಕ್‌ನ ಲಾಭ ಅಲ್ಲೇ ಕರಗುತ್ತೆ, ಜೊತೆಗೆ ಪ್ರತಿ ಸಲ ಅಲ್ಲಿ ಹೋಗಿ ಕಾಯ್ಬೇಕು. ಓನರ್ ಕಾಂಪೌಂಡ್ ಒಳಗೆ ಜಾಗ ಮತ್ತೆ ಒಂದು ಸಾಕೆಟ್ ಕೊಡ್ತಾರಾ ಕೇಳಿ ನೋಡಿ, ಕೊಟ್ರೆ ನನ್ನ ಉತ್ತರ ಬದಲಾಗುತ್ತೆ.

ಹೈಬ್ರಿಡ್ ಊರೊಳಗೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ, ಸಿಗ್ನಲ್‌ನಲ್ಲಿ ಎಂಜಿನ್ ಆಫ್, ನಿಧಾನ ಹೋಗೋವಾಗ ಮೋಟರ್, ಬ್ರೇಕ್ ಹಾಕಿದಾಗ ವೇಸ್ಟಾಗೋ ಶಕ್ತಿ ಬ್ಯಾಟರಿಗೆ. ಆ ಬ್ಯಾಟರಿ ಒಂದು ಯೂನಿಟ್ ಕೂಡ ಇಲ್ಲ, 0.76 ಅಷ್ಟೇ, ಹೊರಗಿಂದ ಚಾರ್ಜ್ ಮಾಡೋ ಹಾಗೂ ಇಲ್ಲ, ಹಾಗಾಗಿ ಅರ್ಧ ಎಲೆಕ್ಟ್ರಿಕ್ ಕಾರು ಅಂತ ಅಂದ್ಕೊಂಡು ತಗೊಳ್ಬೇಡಿ. ಇನ್ನೊಂದು, ಗ್ರ್ಯಾಂಡ್ ವಿಟಾರಾದಲ್ಲಿ ಸ್ಮಾರ್ಟ್ ಹೈಬ್ರಿಡ್ ಅಂತ ಇರೋದು ಮೈಲ್ಡ್, ಬರೀ ಮೋಟರ್ ಮೇಲೆ ಗಾಡಿ ಓಡಲ್ಲ, ನೀವು ಕೇಳಬೇಕಾದ್ದು ಸ್ಟ್ರಾಂಗ್ ಹೈಬ್ರಿಡ್. ಡಿಕ್ಕಿ ತೆಗೆಸಿ ನೋಡಿ, ಬ್ಯಾಟರಿ ಕೂತಿರೋದ್ರಿಂದ ಜಾಗ ಕಮ್ಮಿ.

ಆದ್ರೆ 500 ಕಿಲೋಮೀಟರ್‌ಗೆ ಅದೂ ಬೇಕಾ ಅಂತ ನನ್ನ ಪ್ರಶ್ನೆ. ಮಾಮೂಲಿ ಪೆಟ್ರೋಲ್ ಗಾಡಿ ಊರೊಳಗೆ 12 ಕೊಟ್ರೂ ಹೈಬ್ರಿಡ್‌ನಿಂದ ತಿಂಗಳಿಗೆ ಉಳಿಯೋದು ಹದಿನಾರು ಹದಿನೇಳು ಲೀಟರ್, ವರ್ಷಕ್ಕೆ 20,000 ಆಸುಪಾಸು. ಜಾಸ್ತಿ ಕೊಟ್ಟ ದುಡ್ಡು ವಾಪಸ್ ಬರೋ ಹೊತ್ತಿಗೆ ಹತ್ತು ವರ್ಷ ಆಗಬಹುದು, ಹೈಬ್ರಿಡ್ ಬ್ಯಾಟರಿ ವಾರಂಟಿ ಇರೋದು 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್. ನಿಮ್ಮ ಜಾಗದಲ್ಲಿ ನಾನಿದ್ರೆ ಪೆಟ್ರೋಲ್ ಆಟೋಮ್ಯಾಟಿಕ್ ತಗೊಂಡು ಮಿಕ್ಕಿದ್ದನ್ನ ಬ್ಯಾಂಕಲ್ಲಿ ಇಡ್ತೀನಿ.

ಪ್ರಶ್ನೆ: ನಾಗಮಂಗಲ ತಾಲ್ಲೂಕಿನ ಹಳ್ಳಿ ನಮ್ದು. ಕರೆಂಟು ಯಾವಾಗ ಹೋಗುತ್ತೆ ಗೊತ್ತಿಲ್ಲ, ಎಲೆಕ್ಟ್ರಿಕ್ ಕಾರು ಆಗುತ್ತಾ?

ಉತ್ತರ: ಆಗುತ್ತೆ. ನಿರಂತರ ಜ್ಯೋತಿ ಫೀಡರ್ ಇರೋ ಊರಾದ್ರೆ ಮನೆ ಲೈನೇ ಬೇರೆ, ಪಂಪ್‌ಸೆಟ್ ಲೈನೇ ಬೇರೆ, ಮನೆ ಲೈನ್‌ನ ಸಿಂಗಲ್ ಫೇಸ್ ಸಾಕು. ರಾತ್ರಿ ಎರಡು ಗಂಟೆ ಹೋದ್ರೂ ಬಂದ ಮೇಲೆ ಚಾರ್ಜಿಂಗ್ ಸಾಮಾನ್ಯವಾಗಿ ತಾನಾಗೇ ಮುಂದುವರಿಯುತ್ತೆ. ವೋಲ್ಟೇಜ್ ಮಾತ್ರ ಒಂದು ವಾರ ಸಂಜೆ ಹೊತ್ತು ಮೀಟರ್ ಇಟ್ಟು ನೋಡಿ, ತೀರಾ ಬೀಳ್ತಿದ್ರೆ ಲೈನ್‌ಮನ್‌ಗೆ ಹೇಳಿ ಸರಿ ಮಾಡಿಸಿ ಆಮೇಲೆ ಗಾಡಿ ತನ್ನಿ. ಬೋರ್‌ವೆಲ್ ಕರೆಂಟಿಂದ ಮಾತ್ರ ಕಾರ್ ಚಾರ್ಜ್ ಮಾಡ್ಬೇಡಿ, ಅದನ್ನ ಸರ್ಕಾರ ಉಚಿತವಾಗಿ ಕೊಡ್ತಿರೋದು ಬೆಳೆಗೆ.